ಭತ್ತದ ಹುಲ್ಲಿನ ಬಣ್ಣ

ಗಿಣಿಯ ಕೊಕ್ಕನ್ನು ಕೊರೆಯುತ್ತಿದ್ದಾಗ ರಾಜಮತಿಯ ಚಾಕು ಮುರಿಯಿತು. ದೊಡ್ಡ ಸದ್ದೇನೂ ಆಗಲಿಲ್ಲ. ಒಣಕಡ್ಡಿ ಮುರಿದಷ್ಟೇ ಸದ್ದಾಗಿ, ಅಲಗಿನ ತುದಿ ತೇಗದ ಹಲಗೆಯಲ್ಲಿ ಉಳಿಯಿತು, ಹಿಡಿ ಕೈಯಲ್ಲಿ ಉಳಿಯಿತು. ಅವಳು ಸೂಜಿಯಿಂದ ಆ ಚೂರನ್ನು ಎಬ್ಬಿಸಿ ತೆಗೆದಳು. ಮರಕ್ಕೆ ಏನೂ ಆಗಿಲ್ಲವೆಂದು ಗೊತ್ತಾದ ಮೇಲೆಯೇ ಚಾಕುವಿನ ಕಡೆ ನೋಡಿದಳು.

ಎಪ್ಪತ್ತೊಂಬತ್ತನೇ ಇಸವಿಯ ಕಾರ್ತಿಕ ಮಾಸ. ಹಳೇಬೀಡಿನ ಬಸದಿಗಳ ಹತ್ತಿರದ ಬೀದಿಯಲ್ಲಿ ರಾಜಮತಿಯ ಮನೆ. ಗಂಡ ಅನಂತನಾಥ ಕೊಬ್ಬರಿ ವ್ಯಾಪಾರಿ. ಸಂಕ್ರಾಂತಿಯಲ್ಲಿ ಎಳ್ಳಿನ ಜೊತೆ ಬೀರುವ ಸಕ್ಕರೆ ಅಚ್ಚುಗಳಿಗೆ ಮರದ ಪಡಿಯಚ್ಚು ಕೊರೆಯುವುದು ಅವಳ ಕೆಲಸ. ಎರಡು ಹಲಗೆ, ಒಂದರಲ್ಲಿ ಗಿಣಿಯ ಎಡಮೈ, ಇನ್ನೊಂದರಲ್ಲಿ ಬಲಮೈ. ಎರಡನ್ನೂ ಜೋಡಿಸಿ ದಾರ ಸುತ್ತಿ, ಬಿಸಿ ಪಾಕ ಎರೆದು, ಆರಿದ ಮೇಲೆ ಬಿಚ್ಚಿದರೆ ಬಿಳಿ ಗಿಣಿ ಹೊರಬರಬೇಕು. ಉಬ್ಬಬೇಕಾದದ್ದನ್ನೆಲ್ಲ ಮರದಲ್ಲಿ ತಗ್ಗಾಗಿ ಕೊರೆಯಬೇಕು. ತಗ್ಗಿನ ಗೋಡೆ ಕನ್ನಡಿಯ ಹಾಗೆ ನುಣುಪಾಗಿರಬೇಕು. ಒಂದು ನಾರು ಎದ್ದರೂ ಸಕ್ಕರೆ ಅದನ್ನು ಹಿಡಿದುಕೊಳ್ಳುತ್ತದೆ, ಕೊಕ್ಕೋ ಬಾಲವೋ ಅಚ್ಚಿನಲ್ಲೇ ಉಳಿದುಹೋಗುತ್ತದೆ.

ಈ ವಿದ್ಯೆ ಅವಳಿಗೆ ಬಂದದ್ದು ತಂದೆಯಿಂದ. ತಂದೆ ಪುಷ್ಪದಂತಯ್ಯ ಮಿಡ್ಲ್‌ಸ್ಕೂಲ್ ಮೇಷ್ಟರು. ರಜೆಯ ದಿನಗಳಲ್ಲಿ ಜಗಲಿಯ ಮೇಲೆ ಕೂತು ಅಚ್ಚು ಕೊರೆಯುತ್ತಿದ್ದರು. ಮುರಿದದ್ದು ಅವರದೇ ಚಾಕು. ಮೂವತ್ತು ವರ್ಷ ಸಾಣೆಕಲ್ಲಿನ ಮೇಲೆ ಸವೆದು ಸವೆದು ಅಲಗು ಹುಣಸೆ ಎಲೆಯಷ್ಟು ಕಿರಿದಾಗಿತ್ತು. ಒಂದಲ್ಲ ಒಂದು ದಿನ ಮುರಿಯುತ್ತದೆಂದು ರಾಜಮತಿಗೆ ಗೊತ್ತಿತ್ತು. ಆದರೆ ಬೇಲೂರಿನ ಮಹಿಳಾ ಸಮಾಜಕ್ಕೆ ಹನ್ನೆರಡು ಜೋಡಿ ಅಚ್ಚು ಒಪ್ಪಿಕೊಂಡು, ಮೂರು ಮಾತ್ರ ಮುಗಿದಿರುವಾಗ ಮುರಿಯಬಾರದಿತ್ತು. ಸಮಾಜದ ಅಧ್ಯಕ್ಷೆ ಶ್ರೀರಂಗಮ್ಮ ನಿವೃತ್ತ ಹೆಡ್‌ಮಿಸ್ಟ್ರೆಸ್. ಕೊಟ್ಟ ಮಾತನ್ನು ಗಡಿಯಾರ ನೋಡಿ ವಸೂಲು ಮಾಡುವ ಹೆಂಗಸು.

ಅನಂತನಾಥ ಹಾಸನಕ್ಕೆ ಹೋದವನು ಹೊಳೆಯುವ ಸ್ಟೈನ್‌ಲೆಸ್ ಸ್ಟೀಲ್ ಚಾಕು ತಂದುಕೊಟ್ಟ. ತುಕ್ಕು ಹಿಡಿಯುವುದಿಲ್ಲವಂತೆ, ಅಂಗಡಿಯವನು ಆಣೆ ಮಾಡಿ ಹೇಳಿದನಂತೆ. ರಾಜಮತಿ ಅದನ್ನು ಕಲ್ಲಿನ ಮೇಲೆ ಅರ್ಧ ಗಂಟೆ ತಿಕ್ಕಿ ಹರಿತ ಮಾಡಿ ತೇಗಕ್ಕೆ ಇಟ್ಟಳು. ಹತ್ತು ನಿಮಿಷ ಚೆನ್ನಾಗಿ ಕೊರೆಯಿತು. ಆಮೇಲೆ ಮರವನ್ನು ಕತ್ತರಿಸುವ ಬದಲು ಜಜ್ಜತೊಡಗಿತು. ತೇಗದ ಮೈಯಲ್ಲಿ ಕಣ್ಣಿಗೆ ಕಾಣದ ಮರಳಿನಂಥದ್ದು ಇರುತ್ತದೆ, ಮೆತ್ತನೆಯ ಅಲಗನ್ನು ಅದೇ ತಿಂದುಹಾಕುತ್ತದೆ ಎಂದು ತಂದೆ ಹೇಳುತ್ತಿದ್ದರು. ಹೊಸ ಚಾಕು ಬದನೆಕಾಯಿ ಹೆಚ್ಚಲು ಅಡುಗೆಮನೆ ಸೇರಿತು.

ಮಾರನೆಯ ಬೆಳಿಗ್ಗೆ ಬಸದಿಗೆ ಹೋಗಿಬಂದವಳೇ ಅವಳು ಬೇಲೂರು ರಸ್ತೆಯಲ್ಲಿದ್ದ ಉಗ್ರಪ್ಪನ ಕುಲುಮೆಗೆ ನಡೆದಳು. ಉಗ್ರಪ್ಪನಿಗೆ ಅರವತ್ತು ದಾಟಿತ್ತು. ಸುತ್ತಲ ಹತ್ತು ಹಳ್ಳಿಯ ಕುಡುಗೋಲು, ಮಚ್ಚು, ನೇಗಿಲ ಗುಳ ಎಲ್ಲ ಅವನ ಕೈಯಲ್ಲೇ ಹುಟ್ಟಿದ್ದವು. ಹೆಂಡತಿ ಬೋರಮ್ಮ ತಿದಿ ಒತ್ತುತ್ತಿದ್ದಳು. ರಾಜಮತಿ ಬಂದ ವಿಷಯ ಹೇಳಿದಳು. ಉಗ್ರಪ್ಪ ನಕ್ಕು, ಇಷ್ಟು ಸಣ್ಣ ಕೆಲಸಕ್ಕೆ ನೀವೇ ಬರಬೇಕಿತ್ತೇ ಎಂದ. ಮೂಲೆಯಲ್ಲಿ ಬಿದ್ದಿದ್ದ ಲಾರಿಯ ಕಮಾನು ಪಟ್ಟಿಯನ್ನು ಕಾಲಿನಿಂದ ಎಳೆದು ತೋರಿಸಿ, ಇದಕ್ಕಿಂತ ಒಳ್ಳೆಯ ಉಕ್ಕು ಈ ಸೀಮೆಯಲ್ಲೇ ಇಲ್ಲ ಎಂದು ಹೇಳಿದ. ಸಂಜೆಯೊಳಗೆ ಚಾಕು ಸಿದ್ಧವಾಯಿತು.

ಚಾಕು ನೋಡಲು ಚೆನ್ನಾಗಿತ್ತು. ಮೊದಲು ತೆಗೆಯಬೇಕಾದ ದಪ್ಪ ಮರವನ್ನು ಬೆಣ್ಣೆಯಂತೆ ತೆಗೆಯಿತು. ಆದರೆ ಗಿಣಿಯ ಕಣ್ಣಿಗೆ ಬಂದಾಗ ಅದರ ಬಣ್ಣ ಬಯಲಾಯಿತು. ಸಾಸಿವೆಯಷ್ಟು ಕಣ್ಣಿಗೆ ಅಲಗನ್ನು ತೀರ ತೆಳ್ಳಗೆ ಮಸೆಯಬೇಕು. ಹಾಗೆ ಮಸೆದ ಕೂಡಲೇ ಅಲಗಿನ ಬಾಯಿ, ಅದರ ಹರಿತದ ಅಂಚು, ಮಡಚಿಕೊಳ್ಳುತ್ತಿತ್ತು. ಉಗುರಿನಿಂದ ಸವರಿದರೆ ಒಂದು ಪಕ್ಕಕ್ಕೆ ಬಾಗಿದ ಬಾಯಿ ಬೆರಳಿಗೆ ತಗಲುತ್ತಿತ್ತು.

ಅವಳು ಹಿಂದಿರುಗಿ ಹೋಗಿ ಹೇಳಿದಾಗ ಉಗ್ರಪ್ಪ ಬೇಸರಪಟ್ಟುಕೊಂಡ. ನಲವತ್ತು ವರ್ಷದಿಂದ ಯಾರೂ ತನ್ನ ಅಲಗನ್ನು ವಾಪಸು ತಂದಿರಲಿಲ್ಲ ಎಂದ. ಆದರೂ ಬಿಕ್ಕೋಡಿನ ಕಾಫಿ ತೋಟವೊಂದರ ಮೆಕ್ಯಾನಿಕ್ ಕೊಟ್ಟಿದ್ದ, ಕಬ್ಬಿಣ ಕುಯ್ಯುವ ಮೆಷಿನ್ನಿನ ಗರಗಸದ ತುಂಡೊಂದನ್ನು ಹುಡುಕಿ ತೆಗೆದ. ಅದು ಕುಲುಮೆಗೆ ಬಗ್ಗುವ ಉಕ್ಕಲ್ಲ, ಬಡಿದರೆ ಸೀಳುತ್ತದೆ. ಸಾಣೆಚಕ್ರದ ಮೇಲೆ ತಿಕ್ಕಿ ತಿಕ್ಕಿಯೇ ಆಕಾರ ಕೊಟ್ಟ. ಅದರ ಹರಿತ ಎರಡು ದಿನವಾದರೂ ಹೋಗಲಿಲ್ಲ. ಮೂರನೇ ದಿನ ಅಡ್ಡನಾರಿನಲ್ಲಿ ತಿರುಗಿಸುವಾಗ ಬಾಯಿಯಿಂದ ಒಂದು ಚಕ್ಕೆ ಎದ್ದು ರಾಜಮತಿಯ ಕೆನ್ನೆಗೆ ಬಡಿಯಿತು. ಕಣ್ಣಿಗೆ ಬೆರಳಗಲ ಕೆಳಗೆ. ಅನಂತನಾಥ ಗಾಬರಿಯಾದ. ಈ ಸಲ ಒಂಬತ್ತು ಅಚ್ಚು ಕಡಿಮೆಯಾದರೆ ಬೇಲೂರಿನವರಿಗೆ ಸಂಕ್ರಾಂತಿ ಆಗುವುದಿಲ್ಲವೇ ಎಂದು ಕೇಳಿದ. ರಾಜಮತಿ ಕೆನ್ನೆಗೆ ಅರಿಸಿನ ಒತ್ತಿಕೊಳ್ಳುತ್ತ, ಸಂಕ್ರಾಂತಿ ಆಗುತ್ತದೆ, ಅಚ್ಚೂ ಆಗುತ್ತದೆ ಎಂದಳು.

ಅವಳಿಗೆ ಅನುಮಾನವಿದ್ದದ್ದು ಉಕ್ಕಿನ ಬಗ್ಗೆ ಮಾತ್ರ, ತನ್ನ ಬಗ್ಗೆ ಅಲ್ಲ. ಮೂವತ್ತು ವರ್ಷ ಒಂದೇ ಚಾಕು ತೇಗವನ್ನು ಕೊರೆದಿದೆ ಎಂದರೆ ಅಂಥ ಉಕ್ಕು ಇದೆ ಎಂದಾಯಿತು. ಅದು ಯಾವುದೆಂದು ಬಲ್ಲವರನ್ನು ಕೇಳುವ ಮೊದಲು ಚಾಕುವನ್ನೇ ಕೇಳಬೇಕು ಎಂದುಕೊಂಡು, ತಂದೆಯ ಚಾಕುವಿನ ಹಿಡಿಯನ್ನು ಸೀಳಿದಳು. ಹಿಡಿಯೊಳಗೆ ಹುದುಗಿದ್ದ ಕಬ್ಬಿಣದ ಬಾಲ ಹೊರಬಂತು. ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದಳು. ಬಿಸಿಲಿಗೆ ಹಿಡಿದಾಗ, ಅಲಗಾಗಿದ್ದ ಭಾಗದಲ್ಲಿ ಎಂದೋ ಅಳಿಸಿಹೋಗಿದ್ದ ಗುರುತೊಂದು ಅಲ್ಲಿ ಕಂಡಿತು. ಓರೆಯಾಗಿ ಒಂದರ ಮೇಲೊಂದು ಹಾಯ್ದ ಸಣ್ಣ ಗೀರುಗಳು. ಬಡಗಿ ಗರಗಸದ ಹಲ್ಲು ಮಸೆಯುವ ಅರದ ಮೇಲೆ ಇರುವಂಥದ್ದೇ.

“ಅರದಿಂದ ಮಾಡಿದ ಚಾಕು ಇದು,” ಎಂದು ಗಂಡನಿಗೆ ತೋರಿಸಿದಳು.

ಅನಂತನಾಥ ಕನ್ನಡಕ ಮೇಲೆತ್ತಿ ನೋಡಿದ. ಗೀರುಗಳು ಅವನಿಗೂ ಕಂಡವು. ಅರಸೀಕೆರೆಯಲ್ಲಿ ತನ್ನ ತಕ್ಕಡಿಗಳನ್ನು ರಿಪೇರಿ ಮಾಡುವ ಭಾಷ್ಯಂ ಎಂಬವರಿದ್ದಾರೆ, ರೈಲ್ವೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು, ಕಬ್ಬಿಣದ ವಿಷಯದಲ್ಲಿ ಅವರಿಗೆ ತಿಳಿಯದ್ದಿಲ್ಲ, ಒಂದು ಸಲ ಕೇಳಿಬಿಡೋಣ ಎಂದ.

ಸಂತೆಯ ದಿನ ಗಂಡಹೆಂಡತಿ ಮೊದಲ ಬಸ್ಸು ಹಿಡಿದು ಜಾವಗಲ್ ಮೇಲೆ ಅರಸೀಕೆರೆಗೆ ಹೋದರು. ಜೈನರು, ಹೊತ್ತು ಮುಳುಗುವ ಮೊದಲು ಊಟವಾಗಬೇಕಾದ ಮನೆಯವರು, ಆದ್ದರಿಂದ ಬೇಗ ಹೋಗಿ ಬೇಗ ಬರಬೇಕಿತ್ತು. ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಭಾಷ್ಯಂ ಅವರ ಮನೆ. ಹಿತ್ತಲಿನ ತಗಡಿನ ಕೊಟ್ಟಿಗೆಯೇ ಅವರ ವರ್ಕ್‌ಷಾಪು. ಹಣೆಯ ಮೇಲೆ ನಾಮ, ಮೈಮೇಲೆ ಎಣ್ಣೆ ಕಲೆಯ ಖಾಕಿ ಅಂಗಿ. ಮುರಿದ ಚಾಕುವನ್ನು ಕೈಗೆ ತೆಗೆದುಕೊಂಡು ಬಾಲದ ಗೀರುಗಳನ್ನು ಉಗುರಿನಿಂದ ಕೆರೆದು ನೋಡಿದರು. ಆಮೇಲೆ ಸಾಣೆಚಕ್ರದ ಹತ್ತಿರ ಕರೆದು, ಚಕ್ರ ತಿರುಗಿಸುವಂತೆ ಅನಂತನಾಥನಿಗೆ ಹೇಳಿದರು.

“ಕಬ್ಬಿಣ ಯಾವುದು ಅಂತ ಅದರ ಕಿಡಿ ಹೇಳುತ್ತೆ, ತಾಯಿ. ನೋಡ್ತಾ ಇರಿ,” ಎಂದರು.

ಮೊದಲು ಒಂದು ಸಾದಾ ಮೊಳೆ ಹಿಡಿದರು. ಉದ್ದನೆಯ ಕೆಂಪು ಗೆರೆಗಳು ಹಾರಿ ಸುಮ್ಮನೆ ಆರಿಹೋದವು. ಆಮೇಲೆ ರಾಜಮತಿ ತಂದಿದ್ದ ಕಮಾನು ಪಟ್ಟಿಯ ಚಾಕು. ಗೆರೆಗಳ ತುದಿಯಲ್ಲಿ ಅಲ್ಲೊಂದು ಇಲ್ಲೊಂದು ಕವಲು ಒಡೆಯಿತು. ಮೆಷಿನ್ ಗರಗಸದ ತುಂಡು ಹಿಡಿದಾಗ ಮಂಕಾದ ಕೆಂಪು ಕಿಡಿ ನಾಲ್ಕೇ ನಾಲ್ಕು ಬಿದ್ದವು. ಕೊನೆಗೆ ಪುಷ್ಪದಂತಯ್ಯನವರ ಚಾಕುವಿನ ಬಾಲ ಚಕ್ರಕ್ಕೆ ತಾಗಿತು. ಚಕ್ರದ ಬಾಯಿಯಿಂದಲೇ ಬಿಳಿಯ ಕಿಡಿ ಸಿಡಿದು, ಒಂದೊಂದೂ ಹತ್ತಾಗಿ ಒಡೆದು, ದೀಪಾವಳಿಯ ಸುರುಸುರುಬತ್ತಿಯಂತೆ ಹರಡಿತು. ಭಾಷ್ಯಂ ಗೋಡೆಯ ಮೇಲಿದ್ದ ತಮ್ಮದೇ ಹಳೆಯ ಅರವೊಂದನ್ನು ತೆಗೆದು ಹಿಡಿದರು. ಅದೂ ಹಾಗೆಯೇ ಹರಡಿತು. ರಾಜಮತಿ ಇನ್ನೊಂದು ಸಲ ತೋರಿಸಿ ಎಂದು ಕೇಳಿದಳು. ಅವರು ಸಂತೋಷದಿಂದ ಮೂರು ಸಲ ತೋರಿಸಿದರು.

ಅರ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ, ಕೆಲವು ಅಗ್ಗದ ಅರಗಳಿಗೆ ಮೇಲುಮೈ ಮಾತ್ರ ಗಟ್ಟಿ, ಒಳಗೆ ಸಾದಾ ಕಬ್ಬಿಣ, ಆದ್ದರಿಂದ ಹಲ್ಲು ಪೂರ್ತಿ ತೆಗೆದು ಆಳಕ್ಕೆ ಹಿಡಿದು ಕಿಡಿ ನೋಡಬೇಕು ಎಂದು ಅವರು ವಿವರಿಸಿದರು. ಕಾಸಿದ ಅರವನ್ನು ಬೂದಿಯೊಳಗೆ ಒಂದು ದಿನ ಹೂತಿಟ್ಟು ಮೆತ್ತಗೆ ಮಾಡಿಕೊಳ್ಳಬೇಕು. ಆಕಾರ ಕೊಟ್ಟ ಮೇಲೆ ಮತ್ತೆ ಕಾಸಬೇಕು. ಅಯಸ್ಕಾಂತ ಅಂಟದಷ್ಟು ಕಾದಾಗ ಎಣ್ಣೆಯಲ್ಲಿ ಅದ್ದಬೇಕು, ನೀರಿನಲ್ಲಿ ಅಲ್ಲ. ಅಷ್ಟಾದರೆ ಅದು ಗಾಜಿನಷ್ಟು ಗಡುಸು. ಆ ಗಡಸುತನವನ್ನು ಸ್ವಲ್ಪ ಇಳಿಸಲು ಮೈ ಬೆಳ್ಳಗೆ ಉಜ್ಜಿ, ಕಾದ ಕಬ್ಬಿಣದ ಹಲಗೆಯ ಮೇಲಿಟ್ಟು ಬಣ್ಣ ಕಾಯಬೇಕು. ಒಣಗಿದ ಭತ್ತದ ಹುಲ್ಲಿನ ಬಣ್ಣ ಬಂದ ಗಳಿಗೆಯಲ್ಲಿ ತೆಗೆದು ನೀರಿಗೆ ಹಾಕಬೇಕು. ಬೆಲ್ಲದ ಬಣ್ಣಕ್ಕೆ ಹೋದರೆ ಸ್ವಲ್ಪ ಮೆತ್ತಗೆ, ನೇರಳೆಗೆ ಹೋದರೆ ಇನ್ನೂ ಮೆತ್ತಗೆ, ನೀಲಿಯಾದರೆ ಅದು ಸ್ಪ್ರಿಂಗು, ಚಾಕುವಲ್ಲ. ಇಷ್ಟು ಹೇಳಿ ಭಾಷ್ಯಂ ಎರಡು ಹಳೆಯ ಅರಗಳನ್ನು ಕಾಗದದಲ್ಲಿ ಸುತ್ತಿ ಅವಳ ಕೈಗೆ ಕೊಟ್ಟರು.

ಉಗ್ರಪ್ಪನಿಗೆ ಇದು ಹಿಡಿಸಲಿಲ್ಲ.

“ಅರ ಅಂದ್ರೆ ಗಾಜು ಕಣಮ್ಮಾರೆ. ಕೈ ಜಾರಿ ಬಿದ್ರೆ ಎರಡು ತುಂಡಾಯ್ತದೆ. ಅದರಾಗೆ ಚಾಕು ಮಾಡಿ ಕೆಡಿಸ್ದ ಅಂತ ನನ್ನ ಹೆಸರಿಗೆ ಬತ್ತದೆ,” ಎಂದ.

ಕೆಟ್ಟರೆ ತನ್ನ ಹೆಸರಿಗೆ ಬರಲಿ ಎಂದು ರಾಜಮತಿ ಹೇಳಿದಳು. ತಂದೆಯ ಚಾಕುವಿನ ಬಾಲದಲ್ಲಿದ್ದ ಗೀರು ತೋರಿಸಿದಳು. ಅವನು ಅದನ್ನು ಕೈಯಲ್ಲಿ ಹಿಡಿದು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದ. ಕಣ್ಣಿನ ಹತ್ತಿರ ಒಯ್ಯಲಿಲ್ಲ. ಆಮೇಲೆ ಸರಿ ಎಂದ.

ಮೊದಲ ಅರ ಅವನ ಹಟಕ್ಕೆ ಬಲಿಯಾಯಿತು. ನೀರಿಗೆ ಹಾಕಬೇಡಿ ಎಂದು ಹೇಳಿದ್ದರೂ, ಕುಡುಗೋಲಿಗೆ ಜೀವಮಾನವೆಲ್ಲ ನೀರೇ ಕುಡಿಸಿದ ಕೈ, ಕೆಂಪಾದ ಅಲಗನ್ನು ಕಲ್ಲುಬಾನಿಯ ನೀರಿಗೆ ಇಳಿಸಿಯೇಬಿಟ್ಟಿತು. ನೀರೊಳಗೆ ಟಣ್ಣೆಂದಿತು. ಮೇಲೆತ್ತಿದಾಗ ಅಲಗಿನ ನಡುವೆ ಕೂದಲೆಳೆಯಂಥ ಬಿರುಕು. ನಾನು ಹೇಳಿರಲಿಲ್ಲವೇ ಎಂಬಂತೆ ಉಗ್ರಪ್ಪ ಅವಳ ಕಡೆ ನೋಡಿದ. ರಾಜಮತಿ ಮಾರನೆಯ ದಿನ ಮನೆಯಿಂದ ಒಂದು ಡಬ್ಬಿ ಹೊಂಗೆ ಎಣ್ಣೆ ತಂದು ಕುಲುಮೆಯ ಪಕ್ಕದಲ್ಲಿಟ್ಟಳು.

ಎರಡನೇ ಅರವನ್ನು ಅವನು ರಾಜಮತಿ ಹೇಳಿದಂತೆಯೇ ಮಾಡಿದ. ಬೂದಿಯಲ್ಲಿ ಹೂತ, ಬಡಿದ, ಹಲ್ಲು ತೆಗೆದ, ಎಣ್ಣೆಗೆ ಅದ್ದಿದ. ಘಮ್ಮೆಂದು ಹೊಗೆ ಎದ್ದಿತು, ಅಲಗು ನೆಟ್ಟಗೆ ಉಳಿಯಿತು. ಕುಲುಮೆಯಲ್ಲಿದ್ದ ಬೇರೊಂದು ಅರದಿಂದ ಉಜ್ಜಿದರೆ ಗೀರು ಬೀಳದೆ ಜಾರಿತು. ಅಲ್ಲಿಗೆ ಗಡುಸಾದದ್ದು ಖಾತ್ರಿಯಾಯಿತು. ರಾಜಮತಿ ತಾನೇ ಕೂತು ಅದರ ಮೈಯನ್ನು ಬೆಳ್ಳಗೆ ಉಜ್ಜಿಕೊಟ್ಟಳು. ಉಗ್ರಪ್ಪ ಕಾದ ಹಲಗೆಯ ಮೇಲೆ ಅಲಗನ್ನಿಟ್ಟು ಬಗ್ಗಿ ಕೂತ. ಅವಳಿಗೆ ಅವನ ಬೆನ್ನು ಅಡ್ಡವಾಗಿತ್ತು. ಎದ್ದು ಪಕ್ಕಕ್ಕೆ ಸರಿದು ನೋಡುವಷ್ಟರಲ್ಲಿ ಅಲಗಿನ ಬಾಯಿ ನೇರಳೆ ದಾಟಿ ನೀಲಿಗೆ ತಿರುಗುತ್ತಿತ್ತು. ಉಗ್ರಪ್ಪ ಇನ್ನೂ ಇಕ್ಕಳ ಎತ್ತಿರಲಿಲ್ಲ. ಈಗ ಹುಲ್ಲಿನ ಬಣ್ಣ ಬರುತ್ತಿದೆ ಎಂದು ತನ್ನಷ್ಟಕ್ಕೆ ಹೇಳಿಕೊಂಡ.

ರಾಜಮತಿ ಬೋರಮ್ಮನ ಕಡೆ ನೋಡಿದಳು. ಬೋರಮ್ಮ ತಿದಿಯ ಮೇಲೆ ಕೈಯಿಟ್ಟು ನೆಲ ನೋಡುತ್ತಿದ್ದಳು. ಆ ಹೊತ್ತಿಗೆ ಎಲ್ಲ ಅರ್ಥವಾಯಿತು. ನಲವತ್ತು ವರ್ಷ ಬೆಂಕಿ ನೋಡಿದ ಕಣ್ಣಿಗೆ ಹಳದಿಯೂ ನೀಲಿಯೂ ಬೇರೆಯಾಗಿ ಕಾಣುತ್ತಿರಲಿಲ್ಲ. ಬರಿಯ ರೂಢಿಯಲ್ಲಿ, ಎಣಿಕೆಯಲ್ಲಿ ಅವನು ಹದ ಹಾಕುತ್ತಿದ್ದ. ಕುಡುಗೋಲು ನೀಲಿಯಾದರೂ ಹುಲ್ಲು ಕೊಯ್ಯುತ್ತದೆ, ಆದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಹೆಂಡತಿಗೆ ಗೊತ್ತಿತ್ತು, ಅವಳು ಬಾಯಿ ಬಿಟ್ಟಿರಲಿಲ್ಲ.

ರಾಜಮತಿ ಮನೆಗೆ ಹೋಗಿ ಚಾಕುವನ್ನು ಮಸೆದು ನೋಡಿದಳು. ನಿರೀಕ್ಷಿಸಿದಂತೆ ಬಾಯಿ ಮಡಚಿತು. ಆದರೆ ಉಕ್ಕು ಕೆಟ್ಟಿರಲಿಲ್ಲ. ಇನ್ನೊಮ್ಮೆ ಕಾಸಿ ಎಣ್ಣೆಗೆ ಅದ್ದಿದರೆ ಮತ್ತೆ ಗಡುಸಾಗುತ್ತದೆ. ಉಗ್ರಪ್ಪನಿಗೆ ಇದನ್ನು ಹೇಗೆ ಹೇಳುವುದೆಂದು ಅವಳು ಅಡುಗೆ ಮಾಡುತ್ತ ಬಹಳ ಯೋಚಿಸಿದಳು. ಕೊನೆಗೆ, ಸುತ್ತಿ ಬಳಸಿ ಹೇಳಿದರೆ ಅವನಿಗೆ ಇನ್ನೂ ಹೆಚ್ಚು ನೋವಾಗುತ್ತದೆ ಎಂದು ನಿರ್ಧರಿಸಿದಳು.

ಬೆಳಿಗ್ಗೆ ಕುಲುಮೆಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತು ನೋಡಿ ಹೋದಳು.

“ಉಗ್ರಪ್ಪಾರೆ, ಬಡಿಯೋ ಕೈ ನಿಮ್ಮದೇ ಆಗಬೇಕು. ಇಷ್ಟು ಸಣ್ಣ ಅಲಗನ್ನ ಇಷ್ಟು ನೆಟ್ಟಗೆ ಎಳೆಯೋರು ಈ ಸೀಮೇಲಿ ಇನ್ನೊಬ್ಬರಿಲ್ಲ. ಬಣ್ಣ ಮಾತ್ರ ಬೋರಮ್ಮ ಹೇಳಲಿ,” ಎಂದಳು.

ಉಗ್ರಪ್ಪ ಸುತ್ತಿಗೆಯ ಹಿಡಿಯನ್ನು ಒರೆಸತೊಡಗಿದ. ಬೈಯುತ್ತಾನೇನೋ ಎಂದು ಬೋರಮ್ಮ ಎದ್ದು ನಿಂತಳು. ಅವನು ಬೈಯಲಿಲ್ಲ.

“ಎರಡು ವರ್ಷಾತು,” ಎಂದ. “ಇವಳಿಗೂ ಗೊತ್ತಿಲ್ಲ ಅನ್ಕಂಡಿದ್ದೆ.”

“ನಂಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಯ್ತದೆ,” ಎಂದು ಬೋರಮ್ಮ ಮೆಲ್ಲಗೆ ಹೇಳಿದಳು. “ನೀವು ಕೇಳ್ಲಿಲ್ಲ. ನಾನು ಹೇಳ್ಲಿಲ್ಲ.”

ಅಷ್ಟಕ್ಕೇ ಮಾತು ಮುಗಿಯಿತು. ಅವನು ಅಲಗನ್ನು ಬೆಂಕಿಗಿಟ್ಟ, ಅವಳು ತಿದಿ ಒತ್ತಿದಳು. ರಾಜಮತಿ ದಾರ ಕಟ್ಟಿದ ಅಯಸ್ಕಾಂತ ಹಿಡಿದು ನಿಂತಳು. ಅದು ಅಂಟದಾದಾಗ ಹೂಂ ಎಂದಳು, ಅಲಗು ಎಣ್ಣೆಗೆ ಇಳಿಯಿತು. ಮೈ ಉಜ್ಜಿದ ಮೇಲೆ ಬಿಸಿಲು ಬೀಳದ ಒಳಗಿನ ಮೂಲೆಯಲ್ಲಿ ಕಾದ ಹಲಗೆಯನ್ನಿಟ್ಟು, ಅದರ ಮೇಲೆ ಅಲಗನ್ನು ಇಟ್ಟರು. ಈಗ ಅದರ ಮುಂದೆ ಕೂತವಳು ಬೋರಮ್ಮ. ಉಗ್ರಪ್ಪ ಇಕ್ಕಳ ಹಿಡಿದು ಅವಳ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತ. ಬೆಳ್ಳನೆಯ ಉಕ್ಕಿನ ಬೆನ್ನಿನ ಕಡೆಯಿಂದ ತೆಳುವಾದ ಹಳದಿ ಮೆಲ್ಲಗೆ ಹರಿದು ಬಾಯಿಯ ಕಡೆಗೆ ಬರುತ್ತಿತ್ತು.

“ಈಗ,” ಎಂದಳು ಬೋರಮ್ಮ.

ಅಲಗು ನೀರಿಗೆ ಬಿತ್ತು. ತೆಗೆದು ನೋಡಿದಾಗ ಬಾಯಿಯ ಉದ್ದಕ್ಕೂ ಕಣದಲ್ಲಿ ಒಣಗಿದ ಭತ್ತದ ಹುಲ್ಲಿನ ಬಣ್ಣ ಒಂದೇ ಸಮನಾಗಿ ನಿಂತಿತ್ತು.

ಆ ಮಧ್ಯಾಹ್ನ ರಾಜಮತಿ ಚಾಕುವಿಗೆ ಬೀಟೆಮರದ ಹಿಡಿ ಹಾಕಿದಳು. ಕಲ್ಲಿನ ಮೇಲೆ ಮಸೆದು, ಚರ್ಮದ ಬದಲು ದಪ್ಪ ರಟ್ಟಿನ ಮೇಲೆ ಬಾಯಿ ತೀಡಿದಳು. ತೇಗದ ತುಂಡೊಂದನ್ನು ನಾರಿಗೆ ಅಡ್ಡವಾಗಿ ಕೊಯ್ದು ನೋಡಿದಳು. ಕೊಯ್ದ ಜಾಗ ಎಣ್ಣೆ ಸವರಿದಂತೆ ಹೊಳೆಯಿತು. ಗಿಣಿಯ ಕೊಕ್ಕು, ಕಣ್ಣು, ರೆಕ್ಕೆಯ ಗರಿ ಎಲ್ಲ ಒಂದೇ ಪಟ್ಟಿನಲ್ಲಿ ಮುಗಿದವು. ಸಂಜೆ ಬೆಳಕು ಹೋಗುವಾಗ ಉಗುರಿನಿಂದ ಚಾಕುವಿನ ಬಾಯಿ ಸವರಿದಳು. ಎಲ್ಲಿಯೂ ಏನೂ ತಗಲಲಿಲ್ಲ. ದಪ್ಪ ಮರ ತೆಗೆಯುವ ಕೆಲಸಕ್ಕೆ ಕಮಾನು ಪಟ್ಟಿಯ ಚಾಕುವನ್ನೇ ಇಟ್ಟುಕೊಂಡಳು. ಮರದ ಕೊಡತಿಯ ಪೆಟ್ಟು ತಿನ್ನುವ ಉಳಿಯೊಂದನ್ನೂ ಅದೇ ಪಟ್ಟಿಯಿಂದ ಮಾಡಿಕೊಡಿ ಎಂದು ಉಗ್ರಪ್ಪನಿಗೆ ಹೇಳಿ ಕಳಿಸಿದಳು. ಪೆಟ್ಟು ತಿನ್ನಲು ಒಂದು ಉಕ್ಕು, ಗೆರೆ ಕೊರೆಯಲು ಇನ್ನೊಂದು. ತನ್ನ ಪಟ್ಟಿಗೂ ಮರ್ಯಾದೆ ಸಿಕ್ಕಿದ್ದಕ್ಕೆ ಉಗ್ರಪ್ಪನಿಗೆ ಸಂತೋಷವಾಯಿತಂತೆ, ಉಳಿ ಮರುದಿನವೇ ಬಂತು. ಅದರ ಹದದ ಬಣ್ಣ ಬೋರಮ್ಮನೇ ನೋಡಿದ್ದಳು.

ಧನುರ್ಮಾಸದ ಮೂರನೇ ವಾರದಲ್ಲಿ ಹನ್ನೆರಡು ಜೋಡಿ ಅಚ್ಚುಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ರಾಜಮತಿ ಬೇಲೂರಿಗೆ ಹೋದಳು. ಶ್ರೀರಂಗಮ್ಮ ಬಾಯಿಮಾತಿಗೆ ಒಪ್ಪುವವರಲ್ಲ. ಅಚ್ಚುಗಳನ್ನು ನೀರಿನಲ್ಲಿ ನೆನೆಯಿಸಿ, ಅಲ್ಲೇ ಪಾಕ ಕಾಸಿ, ಹಾಲು ಹಾಕಿ ಕಶ್ಮಲ ತೆಗೆದು, ಎಲ್ಲಕ್ಕಿಂತ ಕಷ್ಟವಾದ ಗಿಣಿಗೇ ಎರೆದರು. ದಾರ ಬಿಚ್ಚಿದರು. ಹಲಗೆ ತಟ್ಟುವ ಮೊದಲೇ ಗಿಣಿ ತಾನಾಗಿ ಅಂಗೈಗೆ ಬಿತ್ತು. ಕೊಕ್ಕಿನ ತುದಿ ಸೂಜಿಯ ಹಾಗಿತ್ತು. ಶ್ರೀರಂಗಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿ, ಎಲ್ಲೂ ತಪ್ಪು ಸಿಕ್ಕದೆ, ಫೆಬ್ರವರಿಯಿಂದ ಸಮಾಜದ ಹೆಂಗಸರಿಗೆ ಈ ಕೆಲಸ ಕಲಿಸುತ್ತೀರಾ ಎಂದು ಕೇಳಿದರು.

ರಾಜಮತಿ ಯೋಚಿಸಲು ಸಮಯ ಕೇಳಲಿಲ್ಲ. ಕಲಿಸುತ್ತೇನೆ, ಆದರೆ ಚಾಕುಗಳನ್ನು ಅಂಗಡಿಯಿಂದ ತರಿಸಬಾರದು, ಹಳೇಬೀಡಿನ ಉಗ್ರಪ್ಪ ಬೋರಮ್ಮರಿಂದ ಮಾಡಿಸಬೇಕು ಎಂದಳು. ಶ್ರೀರಂಗಮ್ಮ ಒಪ್ಪಿದರು. ಅರಗಳಿಗಾಗಿ ಅನಂತನಾಥ ಅರಸೀಕೆರೆ, ಬಾಣಾವರದ ಬಡಗಿಗಳ ಮನೆಗಳನ್ನೆಲ್ಲ ಸುತ್ತಿಬಂದ. ಒಂದೊಂದನ್ನೂ ಭಾಷ್ಯಂ ಅವರ ಚಕ್ರಕ್ಕೆ ಹಿಡಿಸಿ, ಬಿಳಿ ಕಿಡಿ ಹರಡಿದ್ದನ್ನು ಮಾತ್ರ ತಂದ.

ಫೆಬ್ರವರಿಯಲ್ಲಿ ತರಗತಿಯ ಮೊದಲ ದಿನ ಹನ್ನೊಂದು ಹೆಂಗಸರು ಬಂದಿದ್ದರು. ಕೆಲವರು ಆನೆಯ ಚಿತ್ರ ಬರೆದುಕೊಂಡು ಬಂದಿದ್ದರು, ಒಬ್ಬಳು ನವಿಲಿನದು. ರಾಜಮತಿ ಎಲ್ಲರ ಮುಂದೆ ಒಂದೊಂದು ಸಾಣೆಕಲ್ಲು, ಒಂದೊಂದು ಬಟ್ಟಲು ನೀರು ಇಟ್ಟಳು. ಇನ್ನು ಹದಿನೈದು ದಿನ ಯಾರೂ ಮರ ಮುಟ್ಟುವಂತಿಲ್ಲ, ಬರಿಯ ಮಸೆಯುವುದು ಎಂದು ಹೇಳಿದಳು. ನವಿಲಿನ ಚಿತ್ರ ತಂದವಳು ಮಾರನೆಯ ದಿನ ಬರಲಿಲ್ಲ. ಉಳಿದ ಹತ್ತು ಜನ ಬಂದರು.